ಚುರುಕ್ ಎಂದ ಕೈ

ದುಂಡಸಿ, ೬ ನವೆಂಬರ್ ೧೯೪೩

ಪೆನ್ಸಿಲ್ ಹಿಡಿದರೆ ಹೆಬ್ಬೆರಳಿನ ಸೀಳು ಬಾಯಿ ಬಿಡುತ್ತದೆ. ಸ್ವಲ್ಪವೇ ಬರೆಯುತ್ತೇನೆ. ದೀಪಾವಳಿ ಮುಗಿದ ಮೇಲೆ ಸವಣೂರಿನ ಗಂಡನ ಮನೆಯಿಂದ ಇಲ್ಲಿಗೆ, ಅಪ್ಪನ ಮನೆಗೆ ಬಂದೆ. ಬಂದೆ ಎಂದರೆ ಸುಳ್ಳು, ಕಳಿಸಿದರು. "ನಾಕ ದಿನ ಇದ್ದು ಬಾ" ಎಂದರು ಅತ್ತೆ, ನನ್ನ ಮುಖ ನೋಡದೆ. ಗಾಡಿಯಲ್ಲಿ ನನ್ನ ಹಾಸಿಗೆಯನ್ನೂ ಹೇರಿಸಿದ್ದರು. ನಾಲ್ಕು ದಿನಕ್ಕೆ ಬಂದವಳಿಗೆ ಹಾಸಿಗೆ ಯಾಕೆಂದು ಅವ್ವ ಕೇಳಲಿಲ್ಲ.

೯ ನವೆಂಬರ್

ಬೆರಳ ಸಂದುಗಳಲ್ಲಿ ಬಿಳಿ ಮಚ್ಚೆ. ಅಂಗೈ ದಪ್ಪಗಾಗಿ ಬಿರಿದಿದೆ. ಅವ್ವ ಬೆಣ್ಣೆ ಹಚ್ಚಿದಳು. "ಮುಟ್ಟಬ್ಯಾಡಬೇ" ಎಂದೆ. "ನಾ ಹಡದ ಕೈ ಇದು, ಸುಮ್ಮನ ಕುಂದರು" ಎಂದಳು. ಎಷ್ಟೋ ದಿನವಾಗಿತ್ತು ಯಾರಾದರೂ ಮುಟ್ಟಿ.

೧೪ ನವೆಂಬರ್

ಪಕ್ಕದ ಮನೆಯ ಅಡಿವೆವ್ವ ಮಜ್ಜಿಗೆಗೆ ಬಂದಿದ್ದಳು. ತಂಬಿಗೆ ತುಂಬಿ ಕೊಡಲು ಹೋದೆ. ಕೈ ನೋಡಿದವಳೇ ತಂಬಿಗೆ ಮುಟ್ಟದೆ, "ಆಮ್ಯಾಲ ಬರ್ತೇನಿ ಹಾಲವ್ವಕ್ಕಾ" ಎಂದು ಅವ್ವನಿಗೆ ಹೇಳಿ ಹೊರಟುಹೋದಳು. ತಂಬಿಗೆ ಕಟ್ಟೆಯ ಮೇಲೆಯೇ ಉಳಿಯಿತು.

ಸವಣೂರಿನಲ್ಲೂ ಹೀಗೇ ಶುರುವಾದದ್ದು. ಮೊದಲು ನನ್ನ ತಾಟು ಬೇರೆಯಾಯಿತು. ಆಮೇಲೆ ಒಲೆಯ ಹತ್ತಿರ ಬರಬೇಡ ಎಂದರು. ಒಂದು ದಿನ ಅತ್ತೆ ನಮ್ಮವರಿಗೆ ಮೆಲ್ಲಗೆ ಹೇಳುವುದು ಕೇಳಿಸಿತು: "ಇದು ದೊಡ್ಡ ಬ್ಯಾನಿನ ಐತಿ ನೋಡಪಾ." ಆ ರೋಗದ ಹೆಸರು ಬರೆಯಲು ನನಗೂ ಧೈರ್ಯವಿಲ್ಲ. ನಮ್ಮವರು ಏನೂ ಅನ್ನಲಿಲ್ಲ.

ನಾನು ಯಾರ ಎಂಜಲು ತಿಂದೆ, ಯಾರ ಬಟ್ಟೆ ಉಟ್ಟೆ? ಎಷ್ಟು ಯೋಚಿಸಿದರೂ ತಿಳಿಯದು. ಯುದ್ಧ ಶುರುವಾಗಿ ಬಟ್ಟೆ ಒಗೆಯುವ ಮಿಲ್ಲಿನ ಸಬಕಾರ ನಮ್ಮ ಕಿರಾಣಿ ಅಂಗಡಿಗೆ ಬರುವುದು ನಿಂತ ಮೇಲೆ ನಮ್ಮವರು ಹಿತ್ತಲಲ್ಲೇ ಸಬಕಾರ ಮಾಡತೊಡಗಿದರು. ಅಂದಿನಿಂದ ನನ್ನ ದಿನವೆಲ್ಲ ಆ ಕಡಾಯಿಯ ಮುಂದೆ, ಇಲ್ಲವೇ ಬಟ್ಟೆ ಪಾತ್ರೆಗಳ ಮುಂದೆ. ಹೊರಗೆ ಹೋದವಳೇ ಅಲ್ಲ. ಮೊದಲು ಏನೂ ಇರಲಿಲ್ಲ, ಈ ಮಳೆಗಾಲದಲ್ಲಿ ಕಾಣಿಸಿಕೊಂಡಿತು. ನನ್ನ ಹಣೆಯಲ್ಲಿ ಬರೆದದ್ದು ಇಷ್ಟೇ ಇರಬೇಕು.

೨೦ ನವೆಂಬರ್

ಅಪ್ಪ ಶಿಗ್ಗಾಂವಿಯಿಂದ ಬಂದವನು ಕೈಕಾಲು ತೊಳೆಯದೆ ಕುಳಿತುಬಿಟ್ಟ. ಅವ್ವ ನೀರು ಕೊಟ್ಟರೂ ಕುಡಿಯಲಿಲ್ಲ.

"ಫಕ್ಕೀರವ್ವ ಹತ್ತಿಮತ್ತೂರಾಗ ಹೆಣ್ಣ ನೋಡಾಕತ್ತಾಳಂತ," ಎಂದ. ಫಕ್ಕೀರವ್ವ ಎಂದರೆ ನನ್ನ ಅತ್ತೆ. "ಶಂಕ್ರಪ್ಪಗ ಇನ್ನೊಂದ ಲಗ್ನ ಮಾಡ್ತಾಳಂತ. ಸಂತ್ಯಾಗ ಮಂದಿ ನನ್ನ ನಿಂದರಿಸಿ ಹೇಳಿದ್ರು."

ನಾನು ಒಳಗಿನಿಂದ ಕೇಳಿದೆ. ಹೊರಗೆ ಹೋಗಲಿಲ್ಲ. ಅವರಾದರೂ ಏನು ಮಾಡಿಯಾರು, ಒಬ್ಬನೇ ಮಗ. ನನ್ನಂಥವಳನ್ನು ಇಟ್ಟುಕೊಂಡು ಬಾಳು ಎಂದು ಯಾವ ಬಾಯಿಂದ ಹೇಳಲಿ?

ಅಪ್ಪ ಕೊನೆಗೆ ನೀರು ಕುಡಿದು ಎಂದ: "ಸೋಮವಾರ ಗಾಡಿ ಹೂಡ್ತೇನಿ. ಹಾನಗಲ್ಲಕ್ಕ ಹೋಗೂಣು. ಅಲ್ಲೊಬ್ಬ ಡಾಕ್ಟರು ಅದಾನಂತ."

"ಶಿಗ್ಗಾಂವಿ ಹತ್ರ ಐತಲ್ಲ?" ಎಂದಳು ಅವ್ವ.

"ಶಿಗ್ಗಾಂವ್ಯಾಗ ಎಲ್ಲಾರೂ ನಮ್ಮವರ. ದವಾಖಾನಿ ಬಾಗಲದಾಗ ನಾವು ನಿಂತದ್ದ ನೋಡಿದ್ರ ಸಾಕು, ಮುಗೀತು. ಕೇಳಿದವರಿಗೆ ಹಾನಗಲ್ಲ ಮಠಕ್ಕ ಹೊಂಟೇವಿ ಅಂತ ಹೇಳು."

೨೩ ನವೆಂಬರ್

ಬರೆಯುತ್ತೇನೆ. ಬೆರಳು ಸೀಳಿದರೆ ಸೀಳಲಿ.

ನಿನ್ನೆ ಹಾನಗಲ್ಲಿಗೆ ಹೋದೆವು. ದಾರಿಯುದ್ದಕ್ಕೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ. ಡಾಕ್ಟರರ ಹೆಸರು ಜಮಾಲಸಾಬ. ಮೊದಲು ಪಲ್ಟನ್ನಿನಲ್ಲಿದ್ದರಂತೆ, ಈಗ ಕೆರೆಯ ಕಡೆಗೆ ಹೋಗುವ ಓಣಿಯಲ್ಲಿ ದವಾಖಾನೆ ಇಟ್ಟಿದ್ದಾರೆ. ಗಡ್ಡವೆಲ್ಲ ಬಿಳಿ, ದನಿ ದೊಡ್ಡದು. ಅಪ್ಪ ವಿಷಯ ಹೇಳಲಾರದೆ ತೊದಲಿದ. ಅವರು "ಕುಂದರ್ರಿ ಅಜ್ಜಪ್ಪನವರ, ನಾ ನೋಡ್ತೇನಿ" ಎಂದು ನನ್ನ ಎರಡೂ ಕೈಗಳನ್ನು ಬರಿಗೈಯಿಂದ ಹಿಡಿದು ಕಿಟಕಿಯ ಬೆಳಕಿಗೆ ಒಯ್ದರು. ಬರಿಗೈಯಿಂದ! ನಾನು ಹಿಂದಕ್ಕೆ ಎಳೆದುಕೊಂಡೆ.

"ಕಣ್ಣ ಮುಚ್ಚು ತಂಗಿ. ಎಲ್ಲಿ ಮುಟ್ಟಿದೆ ಹೇಳು."

ಹತ್ತಿಯ ಎಳೆಯಿಂದ ಮುಟ್ಟುತ್ತ ಹೋದರು. ಕಿರುಬೆರಳು ಎಂದೆ, ಮಣಿಕಟ್ಟು ಎಂದೆ, ಬಿಳಿ ಮಚ್ಚೆಯ ಮೇಲೆ ಎಂದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಅಷ್ಟರಲ್ಲಿ ಆ ಮಚ್ಚೆಯಲ್ಲೇ ಚುರುಕ್ ಎಂದಿತು. "ಅಯ್ಯೋ ಯವ್ವಾ!" ಎಂದು ಕೂಗಿಬಿಟ್ಟೆ. ಕಣ್ಣು ತೆರೆದರೆ ಅವರ ಕೈಯಲ್ಲಿ ಸೂಜಿ, ಮುಖದ ತುಂಬ ನಗು.

"ಭಾಳ ಚಲೋ ಒದರಿದಿ ನೋಡು! ಇನ್ನೊಮ್ಮೆ ಒದರು."

ಇನ್ನೊಂದು ಮಚ್ಚೆಗೆ ಚುಚ್ಚಿದರು. ಇನ್ನೂ ಜೋರಾಗಿ ಕೂಗಿದೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಓಡಿ ಬಂದ.

"ಅಜ್ಜಪ್ಪನವರ, ನಿಮ್ಮ ಮಗಳಿಗೆ ಆ ಬ್ಯಾನಿ ಇಲ್ಲ, ಇದು ಕುಷ್ಠ ಅಲ್ಲ. ಆ ಬ್ಯಾನಿ ಮಚ್ಚಿಗೆ ಸೂಜಿ ಚುಚ್ಚಿದ್ರ ಗೊತ್ತಾಗೂದಿಲ್ಲ. ಈಕಿಗೆ ನೊಂದೈತಿ. ನರಾನೂ ನೋಡೀನಿ, ಚಂದ ಅದಾವ. ಇನ್ನೊಂದ ಮಾತು, ಆ ಬ್ಯಾನಿ ಇದ್ದಿದ್ರೂ ಮನುಷ್ಯಾರನ್ನ ಹಿಂಗ ಹೊರಗ ಹಾಕೂದಲ್ಲ."

ಅಪ್ಪ ಗೋಡೆ ಹಿಡಿದು ಕೆಳಗೆ ಕುಳಿತ. ರುಮಾಲಿನಿಂದ ಮುಖ ಒರೆಸಿಕೊಂಡ. ನಾನು ಮಾತ್ರ ಸೂಜಿ ಚುಚ್ಚಿದ ಜಾಗವನ್ನು ಒತ್ತಿ ಒತ್ತಿ ನೋಡುತ್ತಿದ್ದೆ. ನೋಯುತ್ತಿತ್ತು. ಇನ್ನೂ ನೋಯಲಿ ಎನ್ನಿಸಿತು.

"ಈ ಕೈ ಎದರಾಗ ಅದ್ದತಿ?" ಎಂದು ಕೇಳಿದರು. ಸಬಕಾರದ ಕಥೆ ಹೇಳಿದೆ. ಅವರು ಒಂದು ಗಾಜಿನ ಲೋಟದಲ್ಲಿ ನೀರು ತರಿಸಿ ಎಣ್ಣೆ ಹನಿಸಿದರು. ಎಣ್ಣೆ ಮೇಲೆ ತೇಲಿತು.

"ಎಣ್ಣಿಗೂ ನೀರಿಗೂ ಬೀಗತನ ಆಗೂದಿಲ್ಲ. ಹೊಲಸು ಎಣ್ಣಿ ಜೋಡಿ ಬಟ್ಟಿ ಅರಿಬಿಗೆ ಅಂಟಿಕೊಂಡಿರತೈತಿ, ಬರೇ ನೀರು ಹಾಕಿದ್ರ ಏಳೂದಿಲ್ಲ." ಲೋಟಕ್ಕೆ ಸಬಕಾರದ ಚೂರು ಹಾಕಿ ಕದಡಿದರು. ನೀರೆಲ್ಲ ಹಾಲಿನಂತಾಯಿತು. "ಸಬಕಾರ ಅಂದ್ರ ಲಗ್ನ ಹೊಂದಸೂ ಮನುಷ್ಯಾ ಇದ್ದಂಗ. ಒಂದ ಕೈಲೆ ಎಣ್ಣಿ ಹಿಡೀತಾನ, ಇನ್ನೊಂದ ಕೈಲೆ ನೀರು ಹಿಡೀತಾನ. ಎಣ್ಣಿ ನೀರಿನ ಬೆನ್ನ ಹತ್ತಿ ಹೊಂಟ್ರ ಹೊಲಸೂ ಅದರ ಜೋಡಿ ಹೊಂಡತೈತಿ. ಇಷ್ಟ ಸಬಕಾರದ ಕೆಲಸ."

"ಹಂಗಾರ ನನ್ನ ಕೈ ಯಾಕ ಹಿಂಗಾತ್ರಿ?" ಎಂದೆ. ಪರಗಂಡಸಿಗೆ ಪ್ರಶ್ನೆ ಕೇಳಿದ್ದು ಆಮೇಲೆ ನೆನಪಾಗಿ ನಾಚಿಕೆಯಾಯಿತು.

"ಸಬಕಾರ ಎದರಿಂದ ಮಾಡ್ತೀರಿ? ಎಣ್ಣಿ ಮತ್ತ ಕಾಸ್ಟಿಕ್ ಸೋಡಾ, ಹೌದಿಲ್ಲೊ? ಕಾಸ್ಟಿಕ್ ಹಸದ ಹುಲಿ. ಕಡಾಯ್ಯಾಗ ಸಾಕಷ್ಟ ಎಣ್ಣಿ ಸಿಕ್ಕರ ಅದನ್ನ ತಿಂದು ಸಬಕಾರ ಆಗಿ ಸುಮ್ಮನಾಗತೈತಿ. ಸಿಗಲಿಲ್ಲಂದ್ರ ಹಸಕೊಂಡ ಸಬಕಾರದಾಗ ಕುಂತಿರತೈತಿ. ಆಮ್ಯಾಲ ಅದಕ್ಕ ನಿನ್ನ ಕೈ ಸಿಕ್ಕತು. ಕೈಯಾಗೂ ದೇವರು ಎಣ್ಣಿ ಇಟ್ಟಾನಲ್ಲ ತಂಗಿ, ಅದನ್ನ ತಿನ್ನಾಕತ್ತೈತಿ."

ಮುಲಾಮು ಕೊಟ್ಟು, ಕೈ ವಾಸಿಯಾಗುವವರೆಗೆ ಸಬಕಾರ ಮುಟ್ಟಬೇಡ ಎಂದರು. ಬರುವಾಗ ಅಪ್ಪ ದಾರಿಯುದ್ದಕ್ಕೂ ಎತ್ತುಗಳ ಜೊತೆ ಮಾತಾಡಿದ. ಹಾಡನ್ನೂ ಹೇಳಿದ. ಅಪ್ಪ ಹಾಡುವುದನ್ನು ನಾನು ಕೇಳಿಯೇ ಇರಲಿಲ್ಲ.

೫ ಡಿಸೆಂಬರ್

ಅಪ್ಪ ಸವಣೂರಿಗೆ ಹೋಗಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ ಬಂದ. ನಮ್ಮವರು ಹುಬ್ಬಳ್ಳಿಗೆ ಹೋಗಿದ್ದರಂತೆ. ಅತ್ತೆ ಬಾಗಿಲಲ್ಲೇ ನಿಂತು, "ರೊಕ್ಕಾ ಕೊಟ್ರ ಡಾಕ್ಟರು ಏನ ಬೇಕಾದ್ದ ಹೇಳ್ತಾರ" ಎಂದರಂತೆ. ಅವ್ವ ಇದನ್ನು ಕೇಳಿ ಅತ್ತಳು. ನನಗೆ ಅಳು ಬರಲಿಲ್ಲ. ಹಸಿವಾಗಿತ್ತು, ಎರಡು ರೊಟ್ಟಿ ಉಂಡೆ.

೧೮ ಡಿಸೆಂಬರ್

ಸೀಳುಗಳೆಲ್ಲ ಮುಚ್ಚಿವೆ. ಬಿಳಿ ಚರ್ಮ ಸುಲಿದು ಕೆಳಗೆ ಎಳೆಯ ಚರ್ಮ ಬಂದಿದೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನೋಡಿಕೊಳ್ಳುತ್ತೇನೆ.

ಡಾಕ್ಟರರ ಮಾತು ತಲೆಯಲ್ಲಿ ತಿರುಗುತ್ತಲೇ ಇದೆ. ಮೊದಲು ಮಾಡಿದ ಸಬಕಾರ ಏನೂ ಮಾಡಲಿಲ್ಲ, ಈ ವರ್ಷದ್ದು ಯಾಕೆ ತಿಂದಿತು? ಇಂದು ಕಾಳು ಆರಿಸುತ್ತಿದ್ದಾಗ ಥಟ್ಟನೆ ಹೊಳೆಯಿತು. ಈ ವರ್ಷ ಎಣ್ಣೆ ತುಟ್ಟಿಯಾಯಿತೆಂದು ನಮ್ಮವರು ಕಡಾಯಿಗೆ ಎಣ್ಣೆ ಕಡಿಮೆ ಸುರಿಯುತ್ತಿದ್ದರು. ಕಾಸ್ಟಿಕ್ ಮಾತ್ರ ಮೊದಲಿನಷ್ಟೇ. "ಸಬಕಾರ ಇನ್ನಷ್ಟ ಗಟ್ಟಿ ಬಂತು ನೋಡು" ಎಂದು ಹಿಗ್ಗಿದ್ದರು. ಗಟ್ಟಿಯೇನೋ ಬಂದಿತ್ತು. ಬಟ್ಟೆಯ ಬಣ್ಣವೂ ಹೋಗುತ್ತಿತ್ತು. ನಾನೇ ಕಲಕಿದ್ದೇನೆ, ನನ್ನ ಕಣ್ಣ ಮುಂದೆಯೇ ಆಗಿದೆ. ಇಷ್ಟು ಸರಳ ಸಂಗತಿಗೆ ನಾನು ಹಣೆಬರಹವನ್ನು ಬೈದೆ.

ನನ್ನ ಗಂಟಿನಲ್ಲಿ ಆ ಸಬಕಾರದ ಎರಡು ಬಿಲ್ಲೆ ಇದ್ದವು. ತೆಗೆದು ಅರಿಷಿಣ ಕಲಸಿದ ನೀರಿನಲ್ಲಿ ತಿಕ್ಕಿದೆ. ಸುಣ್ಣ ಬಿದ್ದಂತೆ ಕೂಡಲೇ ಕೆಂಪಾಯಿತು. ಅಪ್ಪನ ಹಳೆಯ ಪೆಟ್ಟಿಗೆಯಲ್ಲಿ ಯುದ್ಧಕ್ಕೆ ಮುಂಚಿನ ಮಿಲ್ಲಿನ ಸಬಕಾರದ ಚೂರು ಸಿಕ್ಕಿತು. ಅದನ್ನೂ ತಿಕ್ಕಿದೆ. ಅದೂ ಕೆಂಪಾಯಿತು, ಆದರೆ ನಿಧಾನವಾಗಿ, ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ನಮ್ಮದು ಕುಂಕುಮದಂತೆ. ನಾಲಿಗೆಯ ತುದಿಗೆ ತಾಗಿಸಿದರೆ ಮಿಲ್ಲಿನದು ಬರೀ ಕಹಿ, ನಮ್ಮದು ಕಚ್ಚಿತು. ಕೂಡಲೇ ಉಗುಳಿ ಬಾಯಿ ಮುಕ್ಕಳಿಸಿದೆ.

"ಹುಚ್ಚ ಹಿಡೀತೇನ ನಿನಗ, ಸಬಕಾರ ನೆಕ್ಕಾಕತ್ತಿ!" ಎಂದು ಅವ್ವ ಗದರಿದಳು.

೨೮ ಡಿಸೆಂಬರ್

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಚರಗ ಚೆಲ್ಲಿ ಬಂದೆವು. ಅಡಿವೆವ್ವನೂ ಬಂದಿದ್ದಳು. ನಾನು ಕೊಟ್ಟ ಕಡಬು ತಿಂದಳು, ಸ್ವಲ್ಪ ತಡೆದು.

ಹಬ್ಬದ ಅಡುಗೆಯಲ್ಲಿ ಉಳಿದ ಕುಸುಬಿ ಎಣ್ಣೆ ಕೇಳಿ ಇಟ್ಟುಕೊಂಡಿದ್ದೆ. ಕಾಸ್ಟಿಕ್ ಹಸಿದಿದ್ದರೆ ಈಗ ಉಣ್ಣಲಿ ಎಂದು ಒಂದು ಬಿಲ್ಲೆ ತುರಿದು, ನೀರು ಹಾಕಿ ಕುದಿಸಿ ಎಣ್ಣೆ ಸುರಿದೆ. ಎಣ್ಣೆ ಅತಿಯಾಯಿತು. ಅಂಬಲಿಯಂತೆ ನಿಂತದ್ದು ಗಟ್ಟಿಯೇ ಆಗಲಿಲ್ಲ. ಬಟ್ಟೆಗೆ ಹಚ್ಚಿದರೆ ಬಟ್ಟೆಯೇ ಜಿಡ್ಡಾಯಿತು. ಅಪ್ಪನ ಪಂಚೆ ಕೆಟ್ಟಿತು. ಅವ್ವ ಬೈದಳು, ಅಪ್ಪ ನಕ್ಕ.

೮ ಜನೆವರಿ ೧೯೪೪

ಬಂತು! ಎರಡನೆಯ ಬಿಲ್ಲೆಗೆ ಎಣ್ಣೆಯನ್ನು ಚಮಚ ಚಮಚವಾಗಿ ಹಾಕಿದೆ. ಪ್ರತಿ ಸಲ ಕುದಿಸಿ, ಸ್ವಲ್ಪ ತೆಗೆದು ಆರಿಸಿ, ನಾಲಿಗೆಗೆ ಹಚ್ಚಿ ನೋಡಿದೆ. ಕಚ್ಚುವುದು ನಿಂತ ಕೂಡಲೇ ಎಣ್ಣೆ ನಿಲ್ಲಿಸಿದೆ. ಬಟ್ಟಲಿಗೆ ಸುರಿದು ಗಾಳಿಗೆ ಇಟ್ಟಿದ್ದೆ. ಎರಡು ದಿನಕ್ಕೆ ಗಟ್ಟಿಯಾಯಿತು. ನೊರೆಯೂ ಬರುತ್ತದೆ.

ಎಡಗೈ ಮಾತ್ರ ತೊಳೆಯುತ್ತೇನೆ ಎಂದೆ. ಅವ್ವ ಬೇಡವೇ ಬೇಡ ಎಂದಳು. "ಹಾಳಾದ್ರ ಒಂದ ಕೈ ಹಾಳಾಗಲಿಬೇ" ಎಂದು ತೊಳೆದೆ. ದಿನವೂ ತೊಳೆದೆ. ಉರಿಯಿಲ್ಲ, ಬಿಗಿತವಿಲ್ಲ. ಇಂದು ಎರಡೂ ಕೈಯಿಂದ ಅಪ್ಪನ ಪಂಚೆ ಒಗೆದು, ಮೊದಲು ಮಾಡಿದ ಜಿಡ್ಡನ್ನೂ ತೆಗೆದೆ. ಹಗ್ಗದ ಮೇಲೆ ಬಿಳಿ ಪಂಚೆ ಹಾರಾಡುವುದನ್ನು ನೋಡುತ್ತ ಕಟ್ಟೆಯ ಮೇಲೆ ಕುಳಿತಿದ್ದೆ. ಸೆರಗು ಜಾರಿದ್ದೂ ಗೊತ್ತಾಗಲಿಲ್ಲ.

೧೩ ಜನೆವರಿ

ನಾಳೆ ಸಂಕ್ರಾಂತಿ. ಇಂದು ಮಧ್ಯಾಹ್ನ ನಮ್ಮವರು ಬಂದರು. ಬಾಗಿಲ ಹೊರಗೇ ನಿಂತರು. ಇಂಥ ಬಿಸಿಲಿನಲ್ಲೂ ಮೈತುಂಬ ಶಾಲು. ಮುಖ ಇಳಿದಿತ್ತು.

"ಒಳಗ ಬರ್ರಿ," ಎಂದೆ.

"ಬ್ಯಾಡ." ಆಚೀಚೆ ನೋಡಿ ಶಾಲು ಸರಿಸಿದರು. ಎರಡೂ ಕೈ ಬಿರಿದಿವೆ. ಬೆರಳ ಸಂದಿನಲ್ಲಿ ಬಿಳಿ ಮಚ್ಚೆ. ನಾನು ಬಂದ ಮೇಲೆ ಕಡಾಯಿಯ ಮುಂದೆ ನಿಂತವರು ಅವರೇ. "ನಿನ್ನಿಂದ ನನಗ ಹತ್ತೇತಿ ಅಂತಾಳ ಅವ್ವ. ನನಗೂ ತಾಟ ಬ್ಯಾರೆ ಮಾಡ್ಯಾಳ. ಹತ್ತಿಮತ್ತೂರಿನವರು ಬಾಗಲಾ ಹಾಕಿದ್ರು. ಎಲ್ಲಿ ಹೋಗ್ಲಿ ಸರೋಜಾ?"

ಒಳಗೆ ಹೋಗಿ ಸೂಜಿ ತಂದೆ.

"ಕಣ್ಣ ಮುಚ್ಚರಿ."

"ಯಾಕ?"

"ಮುಚ್ಚರಿ ಅಂದ್ನಲ್ಲ."

ಮುಚ್ಚಿದರು. ಮಚ್ಚೆಯ ನಡುವೆ ಚುಚ್ಚಿದೆ. "ಹಾಂ! ಕೊಂದ್ಯಲ್ಲೇ!" ಎಂದು ಹಾರಿ, ಕಟ್ಟೆಯ ಮೇಲಿನ ಕೊಡವನ್ನೇ ಉರುಳಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಅವ್ವನೂ ಒಳಗಿನಿಂದ ನಗುತ್ತಿದ್ದಳು. ಅವರು ಸಿಟ್ಟಾಗಿ ನಿಂತರು. ಆಮೇಲೆ ನಾನು ಎಲ್ಲವನ್ನೂ ಹೇಳಿದೆ: ನೋವು, ಕಾಸ್ಟಿಕ್, ಕಡಿಮೆಯಾದ ಎಣ್ಣೆ. ಅವರು ನನ್ನ ಕೈಗಳನ್ನು ನೋಡಿದರು, ತಮ್ಮ ಕೈಗಳನ್ನು ನೋಡಿದರು. ಒದ್ದೆಯ ನೆಲದ ಮೇಲೆಯೇ ಕುಳಿತು ಮಕ್ಕಳ ಹಾಗೆ ಅತ್ತರು. ಮುಲಾಮು ಹಚ್ಚಿದೆ.

ಊಟದ ಮೇಲೆ, "ನಡಿ, ಹೋಗೂಣು" ಎಂದರು.

"ಹತ್ತಿಮತ್ತೂರಿನ ಮಾತು ಬಂದಾಗ ನೀವೇನಂದ್ರಿ?"

"ನಾ ಹೂಂ ಅಂದಿಲ್ಲ, ಖರೇನ ಹೇಳ್ತೇನಿ."

"ಬ್ಯಾಡ ಅಂದ್ರೇನು?"

ಅವರು ನೆಲ ನೋಡಿದರು.

"ಹಂಗಾರ ಈಗ ಬರೂದಿಲ್ರಿ. ಮೊದಲ ನಿಮ್ಮವ್ವನ ಮುಂದ ಬ್ಯಾಡ ಅಂತ ಹೇಳ್ರಿ. ಹೇಳಿ ಆಮ್ಯಾಲ ಬರ್ರಿ, ಬರ್ತೇನಿ."

ಅವರು ಹೋದ ಮೇಲೆ ಅವ್ವ, "ಎಷ್ಟ ಗಟ್ಟಿ ಆದೀಯೇ" ಎಂದಳು. ಬೈದಳೋ ಹೊಗಳಿದಳೋ ತಿಳಿಯಲಿಲ್ಲ. ನಾನೇನು ಗಟ್ಟಿ? ಇದ್ದದ್ದನ್ನು ಕೇಳಿದೆ, ಅಷ್ಟೇ.

ಸವಣೂರು, ೩೦ ಜನೆವರಿ

ಬರೆಯಲು ಪುರುಸೊತ್ತು ಸಿಗುತ್ತಿಲ್ಲ. ಹೋದ ವಾರ ನಮ್ಮವರು ಅತ್ತೆಯ ಮುಂದೆ ಬೇಡ ಎಂದು ಹೇಳಿ ಬಂದರು, ಅವರ ಜೊತೆ ನಾನೂ ಬಂದೆ. ಅತ್ತೆ ಮಾತಾಡುವುದಿಲ್ಲ. ತಾಟುಗಳು ಮಾತ್ರ ಒಂದೇ ಕಡೆ ಸೇರಿವೆ.

ಬಂದ ದಿನವೇ ಜಗಳವಾಯಿತು. ಮಾರಿದ ಸಬಕಾರವನ್ನೆಲ್ಲ ಹಿಂದಕ್ಕೆ ತರಿಸಬೇಕು, ಯಾಕೆಂದು ಹೇಳಿಯೇ ತರಿಸಬೇಕು ಎಂದೆ. ನಮ್ಮವರು ಒಪ್ಪಲಿಲ್ಲ.

"ಹೊಸಾದ ಮಾಡಿ ಮಾರೂಣು. ಹಳೇದ್ರ ಮಾತ ಯಾಕ ತಗೀತಿ? ಅಂಗಡಿ ಹೆಸರ ಏನಾದೀತು?"

"ಯಾವಾಕಿ ಕೈ ಬಿರದ ಹೊರಗ ಕುಂತಾಳೋ, ಆಕಿ ಹೆಸರ ಏನಾದೀತ್ರಿ? ಅಂಗಡಿ ಹೆಸರ ಆಮ್ಯಾಲ ತೊಳಕೊಳ್ಳೂಣು."

ಅವರು ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಟುಹೋದರು. ಮರುದಿನ ಅಂಗಡಿಯ ಮುಂದೆ ನಿಂತು ಬಂದವರಿಗೆಲ್ಲ ತಾವೇ ಹೇಳಿದರು. ಕೆಲವರು ಬೈದು ಹೋದರು. ಕೆಲವರು ಸಬಕಾರ ತಂದು ಒಗೆದರು. ಅತ್ತರು ಮಾರುವ ಹಸನಸಾಬರು ಒಂದು ಮಾತು ಹೇಳಿದರು: "ಚೌಡವ್ವ ನಾಕ ಮನಿ ಅರಿಬಿ ಒಗೀತಿದ್ಲು. ಈಗ ಯಾರೂ ಕರಿಯವಲ್ರು. ಮಗಾ ಆಕೀನ ದನಾ ಕಟ್ಟೂ ಕೊಟ್ಟಿಗ್ಯಾಗ ಇಟ್ಟಾನ."

ನಾನು ಹೋದೆ. ಅವಳು ಹುಲ್ಲಿನ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. "ಹತ್ರ ಬರಬ್ಯಾಡ್ರವ್ವಾ" ಎಂದಳು. ನಾನು ಪಕ್ಕದಲ್ಲಿ ಕುಳಿತು ನನ್ನ ಕೈಗಳನ್ನು ಮುಂದೆ ಹಿಡಿದೆ.

"ಇವೂ ನಿನ್ನ ಕೈ ಇದ್ದಂಗ ಇದ್ದುವು. ಇದು ದೊಡ್ಡ ಬ್ಯಾನಿ ಅಲ್ಲ. ನಮ್ಮ ಸಬಕಾರ ಮಾಡಿದ್ದು."

ಅವಳು ನನ್ನ ಕೈಗಳನ್ನು ಮಗುಚಿ ಮಗುಚಿ ನೋಡಿದಳು. ಉಗುರು ನೋಡಿದಳು, ಬೆರಳ ಸಂದು ನೋಡಿದಳು. ಬಾಯಿಂದ ಮೊದಲು ಹೊರಟದ್ದು ಬೈಗುಳ. "ನಿಮ್ಮ ಸಬಕಾರಕ್ಕ ಬೆಂಕಿ ಹತ್ತಲಿ! ನಿಮ್ಮ ಅಂಗಡಿ ಮ್ಯಾಲ ಸಿಡ್ಲ ಬಡೀಲಿ! ನಾ ಸಾಯಾಕ ಹೊಂಟಿದ್ನಲ್ರವ್ವಾ!" ಎಂದು ಬೈಯುತ್ತಲೇ ನನ್ನ ಕೈ ಬಿಡದೆ ಅತ್ತಳು. ಬೈಸಿಕೊಂಡಷ್ಟೂ ನನ್ನ ಎದೆ ಹಗುರಾಯಿತು. ಆಮೇಲೆ ಅವಳ ಮಗನನ್ನು ಕರೆದು, ಅವಳನ್ನು ಒಳಗೆ ಕರೆದುಕೊಂಡು ಹೋಗುವವರೆಗೆ ಅಂಗಳದಲ್ಲೇ ನಿಂತಿದ್ದೆ.

೨೦ ಫೆಬ್ರುವರಿ

ಹಿಂದಕ್ಕೆ ಬಂದ ಸಬಕಾರವನ್ನೆಲ್ಲ ತುರಿದು, ಎಣ್ಣೆ ಉಣ್ಣಿಸಿ ಕುದಿಸಿದ್ದಾಯಿತು. ಮೊದಲ ಬಿಲ್ಲೆಗಳನ್ನು ಚೌಡವ್ವನಿಗೆ ಕೊಟ್ಟೆ. ನೆಕ್ಕಿ ನೋಡಿ ತೆಗೆದುಕೊಂಡಳು. ಈಗ ಎರಡು ಮನೆಗಳಿಗೆ ಹೋಗುತ್ತಿದ್ದಾಳೆ. ನಮ್ಮವರ ಕೈ ಪೂರ್ತಿ ವಾಸಿಯಾಗಿದೆ. ಎಣ್ಣೆ ಅಳೆಯುವುದು ಈಗ ನನ್ನ ಕೆಲಸ.

ಇಂದು ಬೆಳಿಗ್ಗೆ ಕಡಾಯಿ ಕುದಿಯುವಾಗ ಬಚ್ಚಲಿನಿಂದ ಅತ್ತೆ ಕೂಗಿದರು. ನಾನು ಬಂದ ಮೇಲೆ ನನ್ನ ಹೆಸರು ಹಿಡಿದದ್ದು ಇದೇ ಮೊದಲು.

"ಸರೋಜಾ, ಬೆನ್ನ ತಿಕ್ಕ ಬಾ."

"ಕಡಾಯಿ ಇಳಿಸಿ ಬರ್ತೇನ್ರಿ ಅತ್ತಿ," ಎಂದೆ.

ಕಡಾಯಿ ಇಳಿಸಿದೆ, ಕೈ ತೊಳೆದುಕೊಂಡೆ. ಹೋದಾಗ ಅವರು ಬೆನ್ನು ತೋರಿಸಿ, ತಲೆ ತಗ್ಗಿಸಿ ಕುಳಿತೇ ಇದ್ದರು. ಸಬಕಾರ ಹಚ್ಚಿ ಬರಿಗೈಯಿಂದ ತಿಕ್ಕಿದೆ. ಮೊದಲು ಮೈ ಬಿಗಿ ಹಿಡಿದಿದ್ದರು, ಆಮೇಲೆ ಸಡಿಲಾದರು. ಒಂದು ತಂಬಿಗೆ ನೀರು ಹೊಯ್ದೆ.

"ಉರೀತೈತೇನ್ರಿ?" ಎಂದೆ.

"ಇಲ್ಲ," ಎಂದರು. ಬೆನ್ನನ್ನು ನನ್ನ ಕಡೆ ಇನ್ನಷ್ಟು ಸರಿಸಿ, "ಇನ್ನೊಂಚೂರ ಮ್ಯಾಲ ತಿಕ್ಕವ್ವಾ. ಅಲ್ಲಿ ನನ್ನ ಕೈ ಎಟಕೂದಿಲ್ಲ."